ಮಣ್ಣು ಮಾಡಿದ ಜಾಗದಲ್ಲಿ ಚೈತ್ರ

ವಸಂತ ಅಂದ ಕೂಡಲೇ ಮಾಮರ, ಕೋಗಿಲೆ, ತಂಗಾಳಿ ಅಂತ ಶುರು ಮಾಡೋರು ಒಂದ್ಸಲ ಮಾರ್ಚ್ ಕೊನೆಯಲ್ಲಿ ನಮ್ಮ ಹಿರಿಯೂರು ಸೀಮೆಗೆ ಬರಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋದರೆ ಆಮೇಲೆ ನಮಗೆ ಉಳಿಯೋದು ಬಿಸಿಲೊಂದೇ. ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರು ಎಳೆಯೋ ಹೊತ್ತಿಗೆ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಹೊಲಕ್ಕೆ ಇಳಿಯೋಕೆ ಆಗಲ್ಲ. ಯುಗಾದಿ ಆಸುಪಾಸಿನಲ್ಲಿ ಉಷ್ಣಾಂಶ 37-38 ಡಿಗ್ರಿ ಮುಟ್ಟುತ್ತೆ. ಹೊಲಗಳೆಲ್ಲ ಖಾಲಿ, ಗುಡ್ಡದ ತುಂಬಾ ಒಣಹುಲ್ಲು, ಅದರ ನೆತ್ತಿಯ ಮೇಲೆ ತಮ್ಮ ಪಾಡಿಗೆ ತಿರುಗುವ ಗಾಳಿ ಫ್ಯಾನುಗಳು. ವರ್ಷಕ್ಕೆಲ್ಲ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ಜಾಗ. ಇಲ್ಲಿ ವಸಂತ ಎಲ್ಲಿಂದ ಬರಬೇಕು?

ಬರುತ್ತೆ. ಆದರೆ ಅದು ಬಂದು ಇಳಿದುಕೊಳ್ಳೋ ಜಾಗ ಬೇರೆ. ನಮ್ಮೂರಿನ ಸ್ಮಶಾನ! ತಮಾಷೆಗೆ ಹೇಳ್ತಿಲ್ಲ. ಇಡೀ ಊರಲ್ಲಿ ಚೈತ್ರಮಾಸ ಅಂತ ಕಣ್ಣಿಗೆ ಕಾಣೋದು ಅಲ್ಲೊಂದೇ ಕಡೆ.

ಅದು ಹೇಗೆ ಅಂತ ಹೇಳೋಕೆ ಮೊದಲು ನೀರಿನ ಕಥೆ ಹೇಳಬೇಕು.

ನಮ್ಮೂರು ಮಾರಿಕಣಿವೆಯ ಕೆಳಗಡೆ ಬರುತ್ತೆ. ಹೊರಗಿನವರಿಗೆ ಅದು ವಾಣಿವಿಲಾಸ ಸಾಗರ, ಪೇಪರಿನವರಿಗೆ ವಿವಿ ಸಾಗರ, ನಮಗೆ ಬರೀ 'ಕಣಿವೆ'. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿ ಹರಿದು ಬರೋ ಕಡೆ ಕಣಿವೆ ಮಾರಮ್ಮ ಇದ್ದಾಳೆ. ಮಾರಿಕಣಿವೆ ಅನ್ನೋ ಹೆಸರು ಬಂದಿದ್ದು ಆಕೆಯಿಂದ. 1898ರಲ್ಲಿ, ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಮಗ ಚಿಕ್ಕವನಾಗಿದ್ದರಿಂದ ತಾವೇ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅಲ್ಲಿ ಅಣೆಕಟ್ಟಿನ ಕೆಲಸ ಶುರುವಾಯ್ತು. ಮುಗಿದಿದ್ದು 1907ರಲ್ಲಿ. ಸಿಮೆಂಟ್ ಇಲ್ಲದೆ ಬರೀ ಕಲ್ಲು, ಗಾರೆಯಲ್ಲಿ ಕಟ್ಟಿ 30 ಟಿಎಂಸಿ ನೀರು ಹಿಡಿಯೋ ಹಾಗೆ ಮಾಡಿದರು.

ಅಣೆಕಟ್ಟು ಬಂತು, ಎಡ-ಬಲ ನಾಲೆ ಬಂತು. ಆದರೆ ನಾಲೆಯ ನೀರು ಇಳಿಜಾರು ನೋಡಿಕೊಂಡು ಹರಿಯುತ್ತೆ, ದಿಬ್ಬ ಹತ್ತಲ್ಲ. ನಮ್ಮ ಹಿರೀಕರು ನೀರು ಹತ್ತೋ ನೆಲವನ್ನೆಲ್ಲ ಬೆಳೆಗೂ ತೆಂಗಿಗೂ ಇಟ್ಟುಕೊಂಡರು. ನೀರು ಹತ್ತದ, ನೇಗಿಲು ಇಳಿಯದ ಗರಸು ದಿಬ್ಬವನ್ನು ಸತ್ತವರಿಗೆ ಬಿಟ್ಟರು. ಸುಮಾರು ಎರಡು ಎಕರೆ. ಪಹಣಿಯಲ್ಲಿ ಖರಾಬು ಅಂತಿದೆ. ಕಂದಾಯ ಇಲ್ಲ, ಬೆಳೆ ಇಲ್ಲ, ಬೇಲಿಯೂ ಇಲ್ಲ.

ಬೇಲಿ ಯಾಕೆ ಬೇಕು ಹೇಳಿ? ಭಯವೇ ಬೇಲಿ ಆಗಿತ್ತು. ನಾವು ಹುಡುಗರಾಗಿದ್ದಾಗ ಸಂಜೆ ಆರರ ಮೇಲೆ ಆ ದಾರಿಯಲ್ಲಿ ಸೈಕಲ್ ಹೊಡೆಯೋ ಧೈರ್ಯ ಯಾರಿಗೂ ಇರಲಿಲ್ಲ. ಸ್ಮಶಾನದ ಹುಣಸೆಹಣ್ಣು ಯಾರೂ ಬಡಿಯಲ್ಲ. ಅಲ್ಲಿನ ಸೌದೆ ಯಾವ ಒಲೆಗೂ ಬರಲ್ಲ. ಯುಗಾದಿ ದಿನ ಬೇವು-ಬೆಲ್ಲಕ್ಕೆ ಇಡೀ ಊರಿನ ಬೇವಿನ ಮರಗಳ ಹೂವು ಖಾಲಿಯಾದರೂ ಆ ದಿಬ್ಬದ ಮೇಲಿನ ಏಳು ಬೇವಿನ ಮರಗಳ ಒಂದು ಎಸಳನ್ನೂ ಯಾರೂ ಕೀಳಲ್ಲ. ಹೂವು ಕಾಯಾಗಿ, ಕಾಯಿ ಹಣ್ಣಾಗಿ ಎಲ್ಲಾ ಹಕ್ಕಿಗಳ ಪಾಲು. ಗೊರವಂಕ, ಪಿಕಳಾರ, ಕೋಗಿಲೆ ಹಣ್ಣು ತಿಂದು ಬೀಜ ಉದುರಿಸಿ ಹೋಗ್ತವೆ. ನಮ್ಮ ಹಿತ್ತಲಿನ ಬೇವಿನ ಗಿಡ ಕೂಡ ಹಾಗೆ ಹುಟ್ಟಿದ್ದೇ ಇರಬೇಕು. ಅದರ ಹೂವನ್ನು ನಾವು ಪ್ರತಿ ವರ್ಷ ಚಪ್ಪರಿಸಿಕೊಂಡು ತಿಂದಿದ್ದೀವಿ!

ಈಗ ಚೈತ್ರಕ್ಕೆ ಬರ್ತೀನಿ.

ಬೆಳಿಗ್ಗೆ ಆರೂವರೆಗೆ ಆ ದಿಬ್ಬ ಹತ್ತಿದರೆ ಮೊದಲು ಬರೋದು ಬೇವಿನ ಹೂವಿನ ಪರಿಮಳ. ರಾತ್ರಿಯೆಲ್ಲ ಉದುರಿದ ಹೂವು ಗೋರಿ ಕಲ್ಲುಗಳ ಮೇಲೆ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಬಿದ್ದಿರುತ್ತೆ. ಹೊಂಗೆ ಆಗಷ್ಟೇ ಹಳೇ ಎಲೆ ಉದುರಿಸಿ ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ಚಿಗುರು ಬಿಟ್ಟಿರುತ್ತೆ. ಹಳೇ ಗೋರಿಗಳ ಪಕ್ಕ ಯಾರೋ ಯಾವಾಗಲೋ ನೆಟ್ಟ ದೇವಗಣಗಿಲೆ, ನಿತ್ಯಪುಷ್ಪ. ಅಲ್ಲಲ್ಲಿ ತಂಗಡಿ, ಅಲ್ಲಲ್ಲಿ ಎಕ್ಕ. ಎಕ್ಕದ ಹೂವಿಗೆ ದೊಡ್ಡ ಕಪ್ಪು ದುಂಬಿ ಬಂದರೆ ಸಣ್ಣ ಮೋಟರಿನ ಸದ್ದು. ಅದೇ ಎಕ್ಕದ ಎಲೆಯ ಅಡಿ ತಿರುಗಿಸಿ ನೋಡಿದರೆ ಕಪ್ಪು-ಹಳದಿ ಪಟ್ಟೆಯ ಕಂಬಳಿಹುಳು ಇರುತ್ತೆ. ಎಕ್ಕದ ವಿಷವನ್ನೇ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತೆ. ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ ಆದಾಗ ಹಕ್ಕಿಗಳು ಅದರ ತಂಟೆಗೆ ಹೋಗಲ್ಲ.

ಹೊಸ ಗುಂಡಿ ಮುಚ್ಚಿದ ಮೇಲೆ ನರಿ ಕೆದರದಿರಲಿ ಅಂತ ಮುಳ್ಳುಕಂಟಿ ಹೊದಿಸಿ ಕಲ್ಲು ಹೇರೋದು ನಮ್ಮ ಕಡೆ ರೂಢಿ. ಆ ಕಲ್ಲಿನ ಸಂದಿಗಳು ಹಾವುರಾಣಿ, ಓತಿಕ್ಯಾತ, ಚೇಳುಗಳಿಗೆ ಮನೆ. ಚೈತ್ರದಲ್ಲಿ ಗಂಡು ಓತಿಕ್ಯಾತ ಕಲ್ಲಿನ ನೆತ್ತಿ ಹತ್ತಿ, ಕತ್ತು ಕೆಂಪು ಮಾಡಿಕೊಂಡು ದಂಡ ಹೊಡೀತಾ ಕೂತಿರುತ್ತೆ. ಹಳೇ ಮಂಟಪದ ಗೋಡೆಯ ತೂತಿನಲ್ಲಿ ಚಂದ್ರಮುಕುಟ ಮರಿ ಮಾಡುತ್ತೆ. ಹುಣಸೆ ಮರದ ಪೊಟರೆಯಲ್ಲಿ ಹಾಲಕ್ಕಿ ಜೋಡಿ. ಅದೇ, ಬುಡುಬುಡಿಕೆಯವರು ಬೆಳಗಿನ ಜಾವ ಮನೆ ಮುಂದೆ ಬಂದು 'ಹಾಲಕ್ಕಿ ನುಡೀತೈತೆ' ಅಂತಾರಲ್ಲ, ಆ ಸಣ್ಣ ಗೂಬೆ. ಹಗಲಲ್ಲಿ ನೋಡಿದರೆ ಕಣ್ಣು ದೊಡ್ಡದು ಮಾಡಿ ತಲೆ ಮೇಲೆ ಕೆಳಗೆ ಆಡಿಸುತ್ತೆ. ಊರೆಲ್ಲಾ ಹೆದರೋ ಹಕ್ಕಿ ಇದೇನಾ ಅಂತ ನಗು ಬರುತ್ತೆ.

ಬಯಲು ಭಾಗದಲ್ಲಿ, ಬರೀ ಬೆಣಚುಕಲ್ಲಿನ ನೆಲದ ಮೇಲೆ ಟಿಟ್ಟಿಭ ಮೊಟ್ಟೆ ಇಡುತ್ತೆ. ಆಕಾಶ ಬಿದ್ದರೆ ಹಿಡಿಯೋಕೆ ಅಂತ ಕಾಲು ಮೇಲೆ ಮಾಡಿ ಮಲಗುತ್ತೆ ಅಂತ ಅಜ್ಜಿ ಹೇಳ್ತಿದ್ದ ಹಕ್ಕಿ. ಗೂಡು ಅನ್ನೋದು ಇಲ್ಲ. ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖ. ಬಣ್ಣವೂ ಕಲ್ಲಿನದೇ. ಎರಡು ಅಡಿ ದೂರದಲ್ಲಿ ನಿಂತರೂ ಕಾಣಲ್ಲ. ಆ ಬಿಸಿಲಿಗೆ ಬರೀ ನೆಲದ ಮೇಲಿನ ಮೊಟ್ಟೆ ಬೆಂದುಹೋಗಬೇಕು. ಹಕ್ಕಿ ಏನು ಮಾಡುತ್ತೆ ಗೊತ್ತಾ? ನೀರಿಗೆ ಇಳಿದು ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತೆ. ನಾಲೆಗೂ ದಿಬ್ಬಕ್ಕೂ ಮಧ್ಯಾಹ್ನವಿಡೀ ಅದರ ಓಡಾಟ. ನಾಲೆ ನೀರು ಹತ್ತದ ಆ ದಿಬ್ಬಕ್ಕೆ ನೀರು ಹತ್ತಿಸೋದು ಅದೊಂದೇ.

ಇನ್ನು ಅಮ್ಮನ ವಿಷಯ.

ಅಮ್ಮನನ್ನು ಅಲ್ಲಿ ಮಣ್ಣು ಮಾಡಿ ಮೂರು ವರ್ಷ ಆಯ್ತು. ಪಡುವಣ ಮೂಲೆಯ ಬೇವಿನ ಮರದ ಕೆಳಗೆ. ಮೇಲೆ ಹೇರಿದ ಮಣ್ಣಿನ ಗುಡ್ಡೆ ಇನ್ನೂ ಪೂರ್ತಿ ಇಳಿದಿಲ್ಲ. ಈ ವರ್ಷ ಯುಗಾದಿಗೆ ಊರಿಗೆ ಹೋದಾಗ ನೋಡ್ತೀನಿ, ಗುಡ್ಡೆಯ ಬದಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ತೂತು. ತೂತಿನ ಮುಂದೆ ಹೊಸ ಮಣ್ಣು, ಅದರ ಮೇಲೆ ಸಣ್ಣ ಕಾಲಿನ ಎರಡು ಗೀರು. ಹಾವಿರಬೇಕು ಅಂದ ತಮ್ಮ. ಹಾವಾಗಿರಲಿಲ್ಲ. ಕಳ್ಳಿಪೀರ.

ನೀವೂ ನೋಡಿರ್ತೀರ. ತಂತಿಯ ಮೇಲೆ ಕೂತು, ಸರ್ರನೆ ಹಾರಿ ಜೇನ್ನೊಣ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ಕೂರೋ ಹಸಿರು ಹಕ್ಕಿ. ಬಾಲದ ತುದಿಯಲ್ಲಿ ಎರಡು ಸೂಜಿಯಂಥ ಗರಿ. ಮರದಲ್ಲಿ ಗೂಡು ಕಟ್ಟಲ್ಲ. ಗಂಡು ಹೆಣ್ಣು ಎರಡೂ ಸೇರಿ ಸಡಿಲ ಮಣ್ಣಿನಲ್ಲಿ ಅಡ್ಡಡ್ಡ ಸುರಂಗ ಕೊರೆಯುತ್ತವೆ. ಒಂದೊಂದು ಸಲ ಒಂದೂವರೆ-ಎರಡು ಮೀಟರ್ ಉದ್ದ. ಅದರ ಕೊನೆಯಲ್ಲಿ ಬಿಳೀ ಮೊಟ್ಟೆ. ನಮ್ಮ ಗರಸು ನೆಲದಲ್ಲಿ ಇಷ್ಟು ಮೆತ್ತನೆ ಮಣ್ಣು ಅದಕ್ಕೆ ಎಲ್ಲಿ ಸಿಗಬೇಕು? ಮನುಷ್ಯರು ಆರಡಿ ಅಗೆದು ಮತ್ತೆ ಮುಚ್ಚಿದ ಕಡೆಯಲ್ಲೇ.

ದೊಡ್ಡಮ್ಮ ವಿಷಯ ಕೇಳಿ ಕಣ್ಣೀರು ಹಾಕಿಕೊಂಡರು. "ಅವ್ಳೇ ಬಂದವ್ಳೆ ಕಣಪ್ಪ, ಹಬ್ಬಕ್ಕೆ" ಅಂದರು. ನನಗೆ ಅಂಥ ನಂಬಿಕೆ ಇಲ್ಲ. ಹಾಗಂತ ದೊಡ್ಡಮ್ಮನಿಗೆ ಪಾಠ ಹೇಳೋಕೂ ಹೋಗಲಿಲ್ಲ.

ಅಲ್ಲಿದ್ದ ನಾಲ್ಕು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ಕೂರ್ತಿದ್ದೆ. ಹಕ್ಕಿ ಬಾಯಲ್ಲಿ ನೊಣ ಕಚ್ಚಿಕೊಂಡು ಕೊಂಬೆ ಮೇಲೆ ಕೂರೋದು, ನನ್ನ ಕಡೆ ನೋಡೋದು, ಒಳಗೆ ಹೋಗದೆ ಹಾಗೇ ಕಾಯೋದು. ನಾನು ಪಕ್ಕದ ಗೋರಿಯ ಕಲ್ಲಿನ ಹಿಂದೆ ಸರಿದು ಕೂತರೆ ಸರಕ್ಕನೆ ಒಳಗೆ. ಇದರ ಮೇಲೆ ಪುಣೆಯ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ್ದಾರೆ. ಮನುಷ್ಯ ನಿಂತ ಜಾಗದಿಂದ ಅವನಿಗೆ ಗೂಡಿನ ಬಾಯಿ ಕಾಣುತ್ತಾ ಇಲ್ವಾ ಅನ್ನೋದನ್ನು ಕಳ್ಳಿಪೀರ ಲೆಕ್ಕ ಹಾಕುತ್ತಂತೆ. ಕಾಣೋ ಹಾಗಿದ್ದರೆ ಗೂಡಿಗೆ ಹೋಗೋಕೆ ಹಿಂದೇಟು, ಅಷ್ಟೇ ದೂರದಲ್ಲಿದ್ದರೂ ಕಾಣದ ಹಾಗಿದ್ದರೆ ಧೈರ್ಯ. ಅಂದರೆ ಎದುರಿನವನ ಕಣ್ಣಿಗೆ ಏನು ಬೀಳುತ್ತೆ ಅನ್ನೋದು ಅಂಗೈ ತುಂಬದ ಆ ಹಕ್ಕಿಗೆ ಗೊತ್ತು.

ಈಗ ತೊಂದರೆ ಏನು ಅಂದರೆ, ಭಯ ಹೋಗಿದೆ, ನೀರು ಬಂದಿದೆ.

ಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವರು ನಾವು. ಮತ್ತೆ ಕೋಡಿ ಬಿದ್ದಿದ್ದು 89 ವರ್ಷ ಆದಮೇಲೆ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಬರಗಾಲದಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ಬೋಳು ಕಂಬಗಳಾಗಿ ನಿಂತಿದ್ದನ್ನು ಕಂಡ ಊರಿಗೆ ಇದು ಮರುಜನ್ಮ. ಬತ್ತಿದ್ದ ಬೋರುಗಳಲ್ಲಿ ನೀರು, ಎಲ್ಲಿ ನೋಡಿದರೂ ಅಡಿಕೆ ಸಸಿ. ಸಂತೋಷವೇ. ಆದರೆ ಬೋರಿನ ನೀರು ನಾಲೆಯ ಹಾಗಲ್ಲ, ಪೈಪಿನಲ್ಲಿ ದಿಬ್ಬವನ್ನೂ ಹತ್ತುತ್ತೆ. ಯಾರಿಗೂ ಬೇಡವಾಗಿದ್ದ ಗರಸು ನೆಲಕ್ಕೂ ಬೆಲೆ ಬಂದಿದೆ. ಸ್ಮಶಾನದ ಮೂಡಲ ಬದಿಯಲ್ಲಿ ವರ್ಷಕ್ಕೆ ಒಂದು ಸಾಲು ಅಡಿಕೆ ಒಳಗೆ ಬರ್ತಿದೆ. ಅಲ್ಲಿ ಮಲಗಿರೋರು ಎದ್ದು ಬಂದು ಕೇಳ್ತಾರಾ?

ಇದಕ್ಕೆ ಪರಿಹಾರ ಅಂತ ಊರಲ್ಲಿ ಹೊರಟ ಮಾತು ಏನಂದ್ರೆ, ಯುಗಾದಿ ಕಳೆದ ವಾರವೇ ಜೆಸಿಬಿ ತರಿಸಿ ಇಡೀ ದಿಬ್ಬ ಮಟ್ಟ ಮಾಡೋದು. ಗಿಡಗಂಟಿ ಎಲ್ಲಾ ತೆಗೆದು ಸುತ್ತ ಕಾಂಪೌಂಡ್, ನಡುವೆ ಸಿಮೆಂಟ್ ಇಟ್ಟಿಗೆ, ಒಂದು ಶೆಡ್, ಒಂದು ಲೈಟು. ಇದರಲ್ಲಿ ಮುಂದೆ ನಿಂತವನು ನನ್ನ ತಮ್ಮ. ಅದರ ಜೊತೆಗೆ ಅಮ್ಮನಿಗೆ ಗ್ರಾನೈಟಿನ ಗೋರಿ, ಮೇಲೆ ಫೋಟೋ.

ನಾನು ಬೇಡ ಅಂದೆ. ಅವನಿಗೆ ಸಿಟ್ಟು ಬಂತು.

"ಅಣ್ಣಾ, ನೀನು ಬೆಂಗಳೂರಿಂದ ವರ್ಷಕ್ಕೆ ಎರಡು ಸಲ ಬರ್ತೀಯ. ನಾನು ದಿನಾ ಈ ದಾರೀಲಿ ಓಡಾಡ್ತೀನಿ. ಅಮ್ಮ ಮುಳ್ಳುಕಂಟಿ ಮಧ್ಯೆ ಮಲಗಿರೋದು ನೋಡಕ್ಕಾಗಲ್ಲ ನಂಗೆ. ಹೋದ ಮಳೆಗಾಲ ರಾತ್ರಿ ಹೊತ್ತಲ್ಲಿ ಹೆಣ ಹೊತ್ಕೊಂಡು ಹೋಗಿ ಮೊಣಕಾಲುದ್ದ ಕೆಸರು, ಕಾಲಿಗೆ ಜಾಲಿ ಮುಳ್ಳು. ಹೊತ್ತವ್ರಿಗೆ ಗೊತ್ತು. ನಿಂಗೆ ಹಕ್ಕಿ ದೊಡ್ಡದಾಯ್ತಾ?"

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಜಾಲಿ ಅಂದರೆ ಬಳ್ಳಾರಿ ಜಾಲಿ. ಅಮೆರಿಕಾ ಖಂಡದ ಗಿಡ. 1870ರ ದಶಕದಲ್ಲಿ ನಮ್ಮ ದೇಶಕ್ಕೆ ತಂದು ನೆಟ್ಟರು. ಈಗ ಕೆರೆ, ಗೋಮಾಳ, ರಸ್ತೆ ಬದಿ ಎಲ್ಲಾ ಅದರದೇ ರಾಜ್ಯ. ಅದರ ಬುಡದಲ್ಲಿ ಹುಲ್ಲು ಕೂಡ ಸರಿಯಾಗಿ ಬೆಳೆಯಲ್ಲ. ಸ್ಮಶಾನದ ಅರ್ಧ ಭಾಗ ಅದು ತಿಂದುಕೊಂಡಿದೆ. ಅದು ಹೋಗಲೇಬೇಕು, ನನ್ನ ತಕರಾರಿಲ್ಲ.

ಆಮೇಲೆ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಚರ್ಚು, ಸುತ್ತ ಸಮಾಧಿಗಳು, ಕಾರ್ಪೆಟ್ ಹಾಸಿದ ಹಾಗೆ ಕತ್ತರಿಸಿದ ಹುಲ್ಲು. "ನೋಡು, ಸ್ಮಶಾನ ಅಂದ್ರೆ ಹಿಂಗಿರ್ಬೇಕು."

ಅವನು ತೋರಿಸಿದ್ದು ಒಳ್ಳೇದೇ ಆಯ್ತು. ಆ ಚರ್ಚು ಅಂಗಳಗಳ ಬಗ್ಗೆ ರಾತ್ರಿ ಕೂತು ಓದಿದೆ. ಅಲ್ಲೂ ನಮ್ಮ ಥರದ್ದೇ ಕಥೆ! ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1930ರ ದಶಕದಿಂದೀಚೆಗೆ ಕಾಡುಹೂವಿನ ಹುಲ್ಲುಗಾವಲುಗಳು ನೂರಕ್ಕೆ 97ರಷ್ಟು ಮಾಯವಾಗಿವೆ. ಉಳುಮೆ, ಗೊಬ್ಬರ, ಕಟ್ಟಡ. ಅಳಿದುಳಿದ ಹಳೇ ಹುಲ್ಲು ಎಷ್ಟೋ ಊರುಗಳಲ್ಲಿ ಸಿಗೋದು ಚರ್ಚಿನ ಅಂಗಳದಲ್ಲಿ. ಯಾಕಂದ್ರೆ ಗೋರಿಗಳ ಮೇಲೆ ಯಾರೂ ಉಳಲ್ಲ, ಗೊಬ್ಬರ ಹಾಕಲ್ಲ. ಬ್ರಿಟನ್ನಿನ ಚರ್ಚು ಅಂಗಳಗಳ ಕಲ್ಲು, ಗೋಡೆ, ಮರಗಳ ಮೇಲೆ 700ಕ್ಕೂ ಹೆಚ್ಚು ಬಗೆಯ ಕಲ್ಲುಹೂ ಸಿಕ್ಕಿವೆ. ಸ್ಕಾಟ್ಲೆಂಡಿನ ಫೋರ್ಟಿಂಗಾಲ್ ಅನ್ನೋ ಹಳ್ಳಿಯ ಚರ್ಚಿನ ಅಂಗಳದಲ್ಲಿರೋ ಯೂ ಮರ ಆ ಚರ್ಚಿಗಿಂತ ಎಷ್ಟೋ ಹಳೇದು, ಸಾವಿರಾರು ವರ್ಷದ್ದು. ಇಂಥ ಅಂಗಳಗಳನ್ನು ನೋಡಿಕೊಳ್ಳೋಕೆ ಅಂತಲೇ ಅಲ್ಲಿ 'ಕೇರಿಂಗ್ ಫಾರ್ ಗಾಡ್ಸ್ ಏಕರ್' ಅನ್ನೋ ಸಂಸ್ಥೆ ಇದೆ. ಅವರು ಹೇಳೋದು ಇಷ್ಟೇ. ದಾರಿ, ಜನ ಬಂದು ಹೋಗೋ ಹೊಸ ಗೋರಿಗಳ ಸುತ್ತ ಹುಲ್ಲು ಕತ್ತರಿಸಿ. ಮಿಕ್ಕಿದ್ದನ್ನು ವಸಂತದಲ್ಲಿ ಮುಟ್ಟಬೇಡಿ. ಹೂ ಬಿಟ್ಟು ಬೀಜ ಉದುರಲಿ, ಆಮೇಲೆ ಕೊಯ್ಯಿರಿ.

ಇದನ್ನೇ ಮರುದಿನ ಅರಳಿಕಟ್ಟೆಯ ಮೇಲೆ ಹೇಳಿದೆ. ದಾರಿ ಈಗಲೇ ಮಾಡಿ, ಲೈಟ್ ಹಾಕಿಸಿ. ಮಿಕ್ಕ ಕೆಲಸ ದೀಪಾವಳಿ ಆದಮೇಲೆ, ಸಂಕ್ರಾಂತಿಯೊಳಗೆ ಇಟ್ಟುಕೊಳ್ಳಿ. ಆಗ ಟಿಟ್ಟಿಭ, ಕಳ್ಳಿಪೀರ ಮೊಟ್ಟೆ ಇಟ್ಟಿರಲ್ಲ. ಜಾಲಿ ಬೇರುಸಮೇತ ಕೀಳಿಸಿ. ಬೇವು, ಹೊಂಗೆ, ಹುಣಸೆ, ಎಕ್ಕ ಇರಲಿ. ಕಾಂಪೌಂಡಿಗೆ ಮೊದಲು ಸರ್ವೆ ಮಾಡಿಸಿ ಕಲ್ಲು ನೆಡಿಸಿ, ಇಲ್ಲಾಂದ್ರೆ ಒತ್ತುವರಿ ಆಗಿದ್ದು ಕಾಂಪೌಂಡಿನ ಆಚೆಗೇ ಉಳಿಯುತ್ತೆ.

ಒಂದಿಬ್ಬರು ನಕ್ಕರು. "ಸತ್ತೋರ ಜಾಗದಾಗೆ ಹಕ್ಕಿಗೆ ಬಾಣಂತನವಾ?" ಅಂದರು. ಸರ್ವೆ ಅಂದ ಕೂಡಲೇ ಇನ್ನೊಬ್ಬರು ಎದ್ದು ಹೋದರು. ಯಾರು ಅಂತ ಹೇಳಬೇಕಾಗಿಲ್ಲ.

ಆಗ ಕಟ್ಟೆಯ ತುದಿಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ಒಬ್ಬ ಹಿರಿಯರು ಬಾಯಿ ಬಿಟ್ಟರು. ಎಂಬತ್ತು ದಾಟಿರಬೇಕು. "ನಮ್ಮಪ್ಪ ಹೊಲದಾಗೆ ಟಿಟ್ಟಿಬದ ಮೊಟ್ಟೆ ಕಂಡ್ರೆ ಅಷ್ಟಗಲ ಬಿಟ್ಟು ಕುಂಟೆ ಹೊಡೀತಿದ್ದ. ನಾನೂ ಹಂಗೇ ಹೊಡ್ದಿದೀನಿ. ಕಾವು ಕುಂತಿರೋದನ್ನ ಎಬ್ಬಿಸಬಾರ್ದು ಕಣ್ರಪ್ಪ. ಇನ್ನೇನು ಆರು ತಿಂಗಳು. ಅಲ್ಲಿರೋರಿಗೆ ಅವಸರ ಇಲ್ಲ, ನಾನೂ ಅಲ್ಲೀಗಂಟ ತಡೀತೀನಿ."

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕೆಲಸ ಮುಂದಕ್ಕೆ ಹೋಯ್ತು. ನಾನು ಹೇಳಿದ ಬ್ರಿಟನ್ನು, ಪುಣೆ ಯಾವುದೂ ಅಲ್ಲಿ ನಡೀಲಿಲ್ಲ. ನಡೆದಿದ್ದು ಅವರಪ್ಪ ಬಿಟ್ಟ ಆ ಅಷ್ಟಗಲ ನೆಲ.

ಆ ಮಾತು ನನ್ನ ತಲೆಯಲ್ಲಿ ಕೂತಿದೆ. ಸ್ಮಶಾನವನ್ನು ಇಷ್ಟು ವರ್ಷ ಕಾದಿದ್ದು ನಮ್ಮ ಒಳ್ಳೆಯತನ ಅಂತ ನನಗೆ ಅನ್ನಿಸಲ್ಲ. ದೆವ್ವದ ಭಯ ಕಾಯ್ತು, ನೀರಿಲ್ಲದ ದಿಬ್ಬ ಕಾಯ್ತು. ಕೊಡಗಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳನ್ನು ದೇವರ ಮೇಲಿನ ಭಕ್ತಿ-ಭಯ ಕಾದ ಹಾಗೆ. ಭಯ ಹೋಗಿದ್ದು ಒಳ್ಳೇದೇ, ಮಕ್ಕಳು ಈಗ ರಾತ್ರಿ ಎಂಟಕ್ಕೂ ಆ ದಾರಿಯಲ್ಲಿ ಬೈಕಿನಲ್ಲಿ ಬರ್ತಾರೆ. ನೀರು ಬಂದಿದ್ದಂತೂ ಒಳ್ಳೇದೇ. ಆದರೆ ಅವೆರಡೂ ಮಾಡ್ತಿದ್ದ ಕಾವಲು ಇನ್ನು ಮುಂದೆ ಯಾರ ಪಾಲಿಗೆ? ಕುಂಟೆ ಹೊಡೆಯೋನು ತಾನಾಗಿ ಅಷ್ಟಗಲ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಬೆಂಗಳೂರಿಗೆ ವಾಪಸ್ ಬಂದೆ. ಗ್ರಾನೈಟ್ ವಿಷಯದಲ್ಲಿ ತಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಈ ಸಲ ಅಶ್ವಿನಿ ಮಳೆ ಹನಿಯಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ, ಅದು ಮಾತ್ರ ಒಂದು ಸಂಜೆ ಗುಡುಗು, ಆಲಿಕಲ್ಲಿನ ಸಮೇತ ಬಂತಂತೆ. ಮಾರನೇ ದಿನ ತಮ್ಮನ ಫೋನು. ಮಳೆ ಹೇಗಾಯ್ತು, ಬೋರಿಗೆ ಎಷ್ಟು ನೀರು, ಅಪ್ಪನ ಮಂಡಿ ನೋವು ಎಲ್ಲಾ ಹೇಳಿದ. ಇನ್ನೇನು ಇಡಬೇಕು ಅನ್ನುವಾಗ ಅವನೇ ಅಂದ:

"ಗೆದ್ದಲು ಎದ್ದು ಈಸಲು ಹುಳ ಸಿಕ್ಕಾಪಟ್ಟೆ ಹಾರ್ತಿದ್ವು. ಆ ನಿನ್ನ ಹಸಿರು ಹಕ್ಕಿ ಹಿಡ್ಕೊಂಡು ಹಿಡ್ಕೊಂಡು ಒಳಗೆ ಹೋಗ್ತಿತ್ತು. ಮರೀನ ನಾನು ನೋಡ್ಲಿಲ್ಲ. ನಾನು ಎದುರಿಗೆ ನಿಂತ್ರೆ ಅದು ಹೋಗಲ್ಲ ಅಲ್ವಾ, ಅದಕ್ಕೆ ಕಲ್ಲಿನ ಹಿಂದೆ ಕೂತಿದ್ದೆ."

ಸರ್ವೆಗೆ ಅರ್ಜಿ ಕೊಟ್ಟಾಗಿದೆ, ಅಳೆಯೋರು ಬರೋದು ಬಾಕಿ. ಮೂಡಲ ಬದಿಯ ಅಡಿಕೆ ಸಸಿಗಳಿಗೆ ಮಳೆಯಾದ ಮೇಲೆ ಹೊಸ ಗರಿ ಬಂದಿದೆಯಂತೆ. ದೀಪಾವಳಿ ಹೊತ್ತಿಗೆ ಏನಾಗುತ್ತೋ ನೋಡಬೇಕು. ನಿಮ್ಮೂರಲ್ಲೂ ಇಂಥದ್ದೊಂದು ದಿಬ್ಬ ಇದ್ದೇ ಇರುತ್ತೆ. ಮುಂದಿನ ಚೈತ್ರದಲ್ಲಿ ಒಂದು ಬೆಳಿಗ್ಗೆ ಹೋಗಿ ಬನ್ನಿ. ಬೆಣಚುಕಲ್ಲಿನ ಮೇಲೆ ಕಾಲಿಡುವಾಗ ಸ್ವಲ್ಪ ನೋಡಿಕೊಂಡು ಇಡ್ರಪ್ಪ, ಅಷ್ಟೇ.